ಬಿಡದಿಯ ಕೆಸರು, ಕಾರಿನ ಕಾಲಡಿ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ಬಿಡದಿ ಎಂದೊಡನೆ ನೆನಪಾಗುವುದು ತಟ್ಟೆ ಇಡ್ಲಿ. ಬೆಣ್ಣೆ ಇಟ್ಟ ಇಡ್ಲಿ ತಿಂದು, ಕಾಫಿ ಕುಡಿದು ಮುಂದೆ ಸಾಗುವ ಪ್ರವಾಸಿಗರು ಊರಾಚೆಗೆ ಹರಡಿರುವ ಇನ್ನೊಂದು ಬಿಡದಿಯನ್ನು ನೋಡುವುದು ಕಡಿಮೆ. ಈಗಂತೂ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡೇ ಹೋಗುವುದರಿಂದ ಇಡ್ಲಿ ಹೋಟೆಲಿಗೂ ಬೇಕೆಂದೇ ಇಳಿದು ಬರಬೇಕು. ಹಾಗೆ ಇಳಿದವರು ಇನ್ನಷ್ಟು ದೂರ ಒಳಗೆ ಹೋದರೆ ಸಿಗುವುದೇ ಬಿಡದಿ ಕೈಗಾರಿಕಾ ಪ್ರದೇಶ. ಅಗಲ ರಸ್ತೆಗಳು, ಉದ್ದದ ಕಾಂಪೌಂಡು ಗೋಡೆಗಳು, ಗೇಟಿನ ಮುಂದೆ ಸಾಲುಗಟ್ಟಿ ನಿಂತ ಕಂಪೆನಿ ಬಸ್ಸುಗಳು, ಟೀ ಅಂಗಡಿಗಳು, ಅವುಗಳ ನಡುವೆ ಇನ್ನೂ ಉಳಿದಿರುವ ಒಂದೆರಡು ರಾಗಿ ಹೊಲ, ತೆಂಗಿನ ತೋಟ.

ಈ ಪ್ರದೇಶದ ಹೆಸರು ದೇಶಕ್ಕೆಲ್ಲ ತಿಳಿದದ್ದು ಕಾರಿನಿಂದ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಂಪೆನಿಯ ಕಾರ್ಖಾನೆ ಇಲ್ಲಿದೆ. 1999ರ ಕೊನೆಯಲ್ಲಿ ಇಲ್ಲಿ ತಯಾರಾಗತೊಡಗಿದ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ, ಇವೆರಡನ್ನೂ ನೋಡದ ಟ್ಯಾಕ್ಸಿ ಸ್ಟ್ಯಾಂಡು ಕರ್ನಾಟಕದಲ್ಲಿ ಇರಲಾರದು. ಬಾಷ್, ಕೋಕಾ ಕೋಲಾ ಮೊದಲಾದ ಕಾರ್ಖಾನೆಗಳೂ ಬಿಡದಿಯಲ್ಲಿವೆ. ಹೀಗಾಗಿ ಇಲ್ಲಿ ಕಾರು ಹುಟ್ಟುವುದಷ್ಟೇ ಅಲ್ಲ, ದುಡಿಯುವುದೂ ಹೌದು. ಹಗಲು ರಾತ್ರಿಯ ಶಿಫ್ಟುಗಳಿಗೆ ಜನರನ್ನು ತಂದು ಬಿಡುವ ಎಲ್ಲೋ ಬೋರ್ಡ್ ಗಾಡಿಗಳಿಗೆ ಬಿಡುವೇ ಇಲ್ಲ.

ಮಳೆಗಾಲದ ಒಂದು ಸಂಜೆ ಈ ಗಾಡಿಗಳ ಬಾಗಿಲ ಬಳಿ ನಿಂತರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಸ್ವಲ್ಪ ಕಾಲು ಒದರ್ಕೊಂಡು ಹತ್ತಿ ಸಾರ್!’ ಹತ್ತುವವರು ನಗುತ್ತ ಒಂದು ಸಲ ಬೂಟು ಕುಟ್ಟಿ ಒಳಗೆ ಕೂರುತ್ತಾರೆ. ಚಾಲಕನಿಗೆ ಅದು ನಗುವ ವಿಷಯವಲ್ಲ. ಸಾಲದ ಕಂತು ಕಟ್ಟಿ ಗಾಡಿ ಓಡಿಸುವವನಿಗೆ ಅದರ ತಳ ಹಾಳಾದರೆ ಟಿಂಕರಿಂಗ್ ಖರ್ಚು ತಲೆಯ ಮೇಲೆ ಬರುತ್ತದೆ. ಮುಂದೆ ಮಾರಹೊರಟಾಗ ಬೆಲೆಯೂ ಬೀಳುತ್ತದೆ. ಗಾಡಿ ಕೊಳ್ಳಲು ಬಂದ ಚಾಣಾಕ್ಷ ಮೊದಲು ನೋಡುವುದು ಬಣ್ಣವನ್ನಲ್ಲ, ಮ್ಯಾಟ್ ಎತ್ತಿ ಅದರ ಅಡಿಯನ್ನು.

ಮಣ್ಣಿನ ಗುಣ

ರಾಮನಗರದ ಬೆಟ್ಟಗಳವರೆಗೆ ಈ ಸೀಮೆಯದೆಲ್ಲ ಗ್ರಾನೈಟ್ ಬಂಡೆಯ ನೆಲ. ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಸಿಕ್ಕಿ ಪುಡಿಯಾಗಿ ಆದದ್ದು ಇಲ್ಲಿನ ಕೆಂಪು ಮಣ್ಣು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಕಾರಿನ ತಗಡಿಗೆ ಹಿಡಿಯುವ ತುಕ್ಕೂ ಅದೇ ಕುಟುಂಬದ ವಸ್ತು. ಬೂಟಿಗೆ ಅಂಟಿ ಕಾರಿನೊಳಗೆ ಬರುವ ಕೆಸರಿನಲ್ಲಿ ಬೆಟ್ಟದ ತುಕ್ಕೇ ಇರುತ್ತದೆ ಎಂದರೆ ತಪ್ಪಲ್ಲ!

ಅದೇ ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳೂ ಇರುತ್ತವೆ. ಇವು ಬಲು ಗಟ್ಟಿ; ಗಾಜನ್ನೂ ಗೀಚಬಲ್ಲವು. ಕಾರ್ಪೆಟ್ಟಿನ ಎಳೆಗಳ ಬುಡಕ್ಕೆ ಇವು ಇಳಿದು ಕೂತ ಮೇಲೆ, ಪ್ರತಿ ಬಾರಿ ಹಿಮ್ಮಡಿ ಊರಿದಾಗಲೂ ಉಪ್ಪುಕಾಗದ ಉಜ್ಜಿದಂತಾಗುತ್ತದೆ. ಚಾಲಕನ ಬಲ ಹಿಮ್ಮಡಿ ಇರುವಲ್ಲೇ ಕಾರ್ಪೆಟ್ ಮೊದಲು ತೂತಾಗುವುದು ಇದರಿಂದಲೇ. ಆದ್ದರಿಂದ ಒದ್ದೆಯಿಂದಷ್ಟೇ ಅಲ್ಲ, ಒಣಗಿದ ಮೇಲೆ ಉಳಿಯುವ ಮರಳಿನಿಂದಲೂ ಕಾರಿನ ಕಾಲಡಿಯನ್ನು ಕಾಯಬೇಕು. ತೊಳೆಯುವ ಮೊದಲು ಕೊಡವಬೇಕು, ಇಲ್ಲವೆ ವ್ಯಾಕ್ಯೂಮ್ ಹಿಡಿಸಬೇಕು. ಮರಳಿರುವಾಗಲೇ ನೀರು ಸುರಿದರೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

ಕಾರು ಕಾರ್ಖಾನೆಗಳು ತಳದ ತಗಡಿಗೆ ಒಳ್ಳೆಯ ರಕ್ಷಣೆಯನ್ನೇ ಕೊಟ್ಟಿರುತ್ತವೆ. ಕಾರಿನ ಇಡೀ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಬಣ್ಣ ಹಿಡಿಯುವಂತೆ ಮಾಡುತ್ತಾರೆ. ಪಕ್ಕದ ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗು ಹಚ್ಚಿದಂತೆ ಇದು: ಪೊರೆ ಇರುವತನಕ ಒಳಗಿನದಕ್ಕೆ ಭಯವಿಲ್ಲ. ಆದರೆ ಎಲ್ಲೋ ಒಂದು ಕಡೆ ಗೀರು ಬಿದ್ದು, ಅಲ್ಲಿ ವಾರಗಟ್ಟಲೆ ತೇವ ನಿಂತರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಮೇಲೆ ಕಾರ್ಪೆಟ್ಟು, ಅದರ ಮೇಲೆ ಮ್ಯಾಟು ಇರುವುದರಿಂದ ಕಣ್ಣಿಗೆ ಬೀಳುವುದೂ ಇಲ್ಲ.

ಒಂದು ಲೋಟ ನೀರಿನ ಲೆಕ್ಕ

ನೆನೆದ ಕಾರನ್ನು ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದರೆ ತಾನೇ ಒಣಗುತ್ತದೆ ಎಂದು ಹಲವರು ನಂಬಿದ್ದಾರೆ. ಶಾಲೆಯ ಪಾಠದ ಒಂದು ಲೆಕ್ಕ ಇದನ್ನು ಸುಳ್ಳು ಮಾಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕಾರಿನೊಳಗೆ ಮೂರು ಘನ ಮೀಟರ್ ಗಾಳಿ ಇದೆ ಎಂದುಕೊಂಡರೂ ಅದು ಹೀರಬಲ್ಲದ್ದು 70 ಗ್ರಾಂಗೆ ಹತ್ತಿರ. ಅದೂ ಗಾಳಿ ಪೂರ್ತಿ ಒಣಗಿದ್ದರೆ ಮಾತ್ರ. ಕಾರ್ಪೆಟ್ಟಿನಲ್ಲಿ ಕುಳಿತ ಒಂದು ಲೋಟ ನೀರು 200 ಗ್ರಾಂ ತೂಗುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಬಿಸಿಲಿಗೆ ಒಳಗಿನ ಶಾಖ ಏರಿದಾಗ ಇನ್ನಷ್ಟು ಆವಿಯಾಗುವುದು ನಿಜ. ಆದರೆ ಸಂಜೆ ತಣ್ಣಗಾದೊಡನೆ ಅದೇ ಆವಿ ನೀರಾಗಿ ಸೀಟು, ಗಾಜು, ಕಾರ್ಪೆಟ್ಟಿಗೆ ಮರಳುತ್ತದೆ.

ಮಾರ್ಗಶಿರ, ಪುಷ್ಯದ ಬೆಳಗುಗಳಲ್ಲಿ ಬಿಡದಿಯ ಬಯಲಿನಲ್ಲಿ ದಟ್ಟ ಇಬ್ಬನಿ ಬೀಳುತ್ತದೆ. ರಾತ್ರಿ ನಿಲ್ಲಿಸಿದ ಕಾರಿನ ಗಾಜಿನ ಹೊರಗೆ ಮಂಜು ಕಟ್ಟುವುದು ಸಹಜ. ಒಳಗೂ ಕಟ್ಟಿದ್ದರೆ ಕಾರಿನ ತಳದಲ್ಲೆಲ್ಲೋ ನೀರು ಇದೆಯೆಂದು ತಿಳಿಯಬೇಕು. ಗಾಜು ಒರೆಸಿ ಹೊರಡುವುದರಿಂದ ಆ ದಿನದ ದಾರಿ ಕಾಣುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಮುಗ್ಗಲು ವಾಸನೆ ಅದರ ಮುಂದಿನ ಹಂತ. ಅದು ಬೂಷ್ಟಿನ ವಾಸನೆ. ಸುವಾಸನೆಯ ಸೀಸೆ ತೂಗುಹಾಕಿ ಅದನ್ನು ಮರೆಸಬಹುದು. ಆದರೆ ಉಬ್ಬಸ ಇರುವವರು ಆ ಗಾಡಿಯಲ್ಲಿ ಕೂತ ಸ್ವಲ್ಪ ಹೊತ್ತಿಗೇ ಕೆಮ್ಮಲು ಶುರುಮಾಡಬಹುದು.

ನೀರೆಲ್ಲ ಬೂಟಿನಿಂದಲೇ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹರಿದುಹೋಗಲು ಕಿಂಡಿಗಳಿರುತ್ತವೆ. ಹೊಂಗೆಯ ಅಥವಾ ಗುಲ್‌ಮೊಹರಿನ ನೆರಳಿನಲ್ಲಿ ಗಾಡಿ ನಿಲ್ಲಿಸುವವರಿಗೆ ಎಲೆ, ಹೂವಿನ ಎಸಳು ಈ ಕಿಂಡಿಗಳನ್ನು ಮುಚ್ಚಿಬಿಡುವುದು ಅನುಭವದ ಮಾತು. ಆಗ ನೀರು ಒಳಗೆ ದಾರಿ ಹುಡುಕುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿಗೂ ಒಂದು ಸಣ್ಣ ಪೈಪು ಇರುತ್ತದೆ. ಎಸಿ ಹಾಕಿದ ಗಾಡಿ ನಿಂತಲ್ಲಿ ನೆಲ ಒದ್ದೆಯಾಗದಿದ್ದರೆ, ಮುಂದಿನ ಸೀಟಿನವರ ಕಾಲಡಿ ಒದ್ದೆಯಾಗಿದ್ದರೆ, ಆ ಪೈಪು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಒದ್ದೆ ಜಿಡ್ಡುಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್ ಸೋರಿಕೆ. ಮೆಕ್ಯಾನಿಕ್ ಬಳಿ ಒಯ್ಯುವುದೇ ಸರಿ.

ಯಾವ ಮ್ಯಾಟ್ ಒಳ್ಳೆಯದು?

ಬಿಡದಿಯಿಂದ ಕೆಂಗೇರಿಯವರೆಗೆ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ತರತರದ ಮ್ಯಾಟ್‌ಗಳು ತೂಗಾಡುತ್ತವೆ. ಅಂಚು ಎತ್ತರಿಸಿದ ರಬ್ಬರ್ ತಟ್ಟೆ ನೀರನ್ನು ಹಿಡಿದಿಡುತ್ತದೆ, ಎತ್ತಿ ಚೆಲ್ಲುವುದು ಸುಲಭ. ಶ್ಯಾವಿಗೆಯಂಥ ಎಳೆಗಳ ನೂಡಲ್ ಮ್ಯಾಟ್ ಮಣ್ಣನ್ನು ಒಳಗೆ ಇಳಿಸಿಕೊಂಡು ಮೇಲೆ ಚೊಕ್ಕಟವಾಗಿ ಕಾಣುತ್ತದೆ, ಆದರೆ ಕೊಡವದಿದ್ದರೆ ಭಾರವಾಗುತ್ತ ಹೋಗುತ್ತದೆ. ತೆಂಗಿನ ನಾರು ಸುಲಭಕ್ಕೆ ಕೊಳೆಯುವುದಿಲ್ಲ, ಬೂಟಿನ ಕೆಸರನ್ನು ಚೆನ್ನಾಗಿ ಕೆರೆದುಕೊಳ್ಳುತ್ತದೆ. ಅದಕ್ಕೂ ಬಿಸಿಲು ಬೇಕು. ಬಾಗಿಲಿನಿಂದ ಬಾಗಿಲಿಗೆ ಮುಚ್ಚುವ, ಚರ್ಮದಂತೆ ಹೊಳೆಯುವ ಸೆವೆನ್ ಡಿ ಮ್ಯಾಟ್ ನೋಡಲು ಸೊಗಸು. ಆದರೆ ಒಂದು ಬದಿಯಿಂದ ಅದರ ಅಡಿಗೆ ನೀರು ನುಸುಳಿತೋ, ತಿಂಗಳುಗಟ್ಟಲೆ ಯಾರಿಗೂ ತಿಳಿಯದು. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ ಕವರನ್ನು ವರ್ಷಗಟ್ಟಲೆ ತೆಗೆಯದವರೂ ಇದೇ ತೊಂದರೆಯನ್ನು ತಂದುಕೊಳ್ಳುತ್ತಾರೆ. ಅದಕ್ಕಿಂತ ಹಳೆಯ ಚಾಲಕರ ಟರ್ಕಿ ಟವೆಲ್ ಮೇಲು: ನೆನೆದರೆ ಒಗೆದು ಒಣಹಾಕಬಹುದು.

ಕಾಲಡಿಗೆ ಹಳೆಯ ಪತ್ರಿಕೆ ಹಾಸುವ ರೂಢಿಯೂ ಇದೆ. ಕಾಗದ ನೀರನ್ನು ಚೆನ್ನಾಗಿ ಹೀರುತ್ತದೆ. ಗಾಡಿ ನಿಂತಾಗ ಹಾಸಿ, ಓಡಿಸುವ ಮೊದಲು ತೆಗೆಯಬೇಕು. ಪೆಡಲ್‌ಗಳ ಬಳಿ ಒದ್ದೆ ಕಾಗದ ಜಾರುತ್ತದೆ.

ಜಾರುವ ಮಾತು ಬಂದಾಗ ಒಂದು ದುರಂತವನ್ನು ನೆನೆಯಲೇಬೇಕು. 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ, ಎರವಲು ಪಡೆದ ಲೆಕ್ಸಸ್ ಕಾರಿನಲ್ಲಿ ಹೋಗುತ್ತಿದ್ದ ನಾಲ್ವರು ಸತ್ತರು. ಬೇರೊಂದು ಮಾದರಿಯ ಕಾರಿನ ರಬ್ಬರ್ ಮ್ಯಾಟನ್ನು ಅದರಲ್ಲಿ ಹಾಸಲಾಗಿತ್ತು, ಕೊಕ್ಕೆಗೆ ಸಿಕ್ಕಿಸಿರಲಿಲ್ಲ. ಮುಂದೆ ಸರಿದ ಮ್ಯಾಟಿಗೆ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಂಡಿತು. ಮುಂದಿನ ತಿಂಗಳೇ ಟೊಯೊಟಾ ಅಲ್ಲಿನ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಬದಿಯ ಮ್ಯಾಟ್ ತೆಗೆದಿಡುವಂತೆ ತಿಳಿಸಬೇಕಾಯಿತು. ಚಾಲಕನ ಬದಿಯಲ್ಲಿ ಒಂದರ ಮೇಲೊಂದು ಎರಡು ಮ್ಯಾಟ್ ಹಾಸುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಇರುವುದು ಒಂದೇ ಇರಲಿ, ಆ ಕಾರಿನ ಅಳತೆಯದೇ ಇರಲಿ, ಕೊಕ್ಕೆಗೆ ಸಿಕ್ಕಿರಲಿ. ತೊಳೆದು ಮತ್ತೆ ಹಾಸಿದಾಗಲೆಲ್ಲ ಪೆಡಲನ್ನು ಪೂರ್ತಿ ಒತ್ತಿ ನೋಡುವುದು ಅರೆ ನಿಮಿಷದ ಕೆಲಸ.

ಕೆಳಸೇತುವೆಯ ನೀರು

ಇಷ್ಟೆಲ್ಲ ಕಾಳಜಿಯನ್ನೂ ಒಂದೇ ರಾತ್ರಿಯ ಮಳೆ ಅಣಕಿಸಬಹುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಕೆರೆಕಟ್ಟೆಗಳು ಉಕ್ಕಿ ಹೆದ್ದಾರಿಯೇ ಹೊಳೆಯಾಯಿತು. ಕಾರು, ಬಸ್ಸುಗಳು ನೀರಿನಲ್ಲಿ ಸಿಕ್ಕಿಕೊಂಡವು. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ವಾರದೊಳಗೆ ಸುರಿದ ಮಳೆಗೆ ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ಮತ್ತೆ ನೀರು ನಿಂತಿತು. ಬಿಡದಿಯ ಪಕ್ಕದಲ್ಲಿ ಹರಿದು ಬೈರಮಂಗಲ ಕೆರೆ ಸೇರುವ ವೃಷಭಾವತಿಯಂತೂ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ನದಿ. ಅಂಥ ನೀರು ಹೊಕ್ಕ ಕಾರಿನ ಕಾರ್ಪೆಟ್ಟನ್ನು ಮೇಲೆ ಒರೆಸಿದರೆ ಸಾಲದು. ಸೀಟು ಬಿಚ್ಚಿ, ಕಾರ್ಪೆಟ್ಟು ಕಿತ್ತು, ಅಡಿಯ ಸ್ಪಂಜು ಸಮೇತ ತೊಳೆದು ಒಣಗಿಸಬೇಕು.

ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗೆ ಕೆಟ್ಟ ಎಂಜಿನ್ನಿಗೆ ಸಾಮಾನ್ಯವಾಗಿ ವಿಮೆಯ ಹಣ ಬರುವುದು ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದವರಿಗೆ ಮಾತ್ರ. ಸೀಟಿನ ಅಡಿಯಲ್ಲಿ ಏರ್‌ಬ್ಯಾಗ್ ಮೊದಲಾದವುಗಳ ವೈರುಗಳು ಹಾದುಹೋಗುವುದರಿಂದ ಬ್ಯಾಟರಿ ಸಂಪರ್ಕ ತಪ್ಪಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಜಾಣತನ.

ದಿನನಿತ್ಯದ ಒದ್ದೆಗೆ ಮಾತ್ರ ಇಷ್ಟೊಂದು ರಗಳೆ ಬೇಡ. ಭಾನುವಾರ ವಾಟರ್ ಸರ್ವಿಸ್ ಮುಗಿಸಿದ ಗಾಡಿಗಳನ್ನು ಬಿಡದಿಯ ಚಾಲಕರು ನಾಲ್ಕೂ ಬಾಗಿಲು ತೆರೆದು ನಿಲ್ಲಿಸಿರುವುದನ್ನು ಕಾಣಬಹುದು. ಮ್ಯಾಟ್‌ಗಳು ಕಾಂಪೌಂಡು ಗೋಡೆಯ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಹಾದುಹೋಗುವ ಗಾಳಿ ಒಂದೆರಡು ಗಂಟೆಯಲ್ಲಿ ಒಯ್ಯುವಷ್ಟು ತೇವವನ್ನು ಮುಚ್ಚಿದ ಗಾಜು ವಾರವಾದರೂ ಹೊರಗೆ ಬಿಡದು. ಅವರಲ್ಲಿ ಅನುಭವಸ್ಥರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಕಾರ್ಪೆಟ್ಟಿನ ಅಂಚನ್ನೂ ಎತ್ತಿ ಅಂಗೈ ಒತ್ತಿ ನೋಡುತ್ತಾರೆ. ಅಂಗೈಗೆ ತಂಪು ತಾಗಿದರೆ ಬಾಗಿಲು ಇನ್ನೂ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಮ್ಯಾಟ್ ಎಷ್ಟೇ ಬೆಲೆಯದಾಗಿರಲಿ, ಅದನ್ನು ಎತ್ತಿ ನೋಡುವ ಕೈಯೇ ಕಾರಿನ ತಳವನ್ನು ಉಳಿಸುವುದು.