ಸಾವನದುರ್ಗದ ಉಪಕಾರಿಗಳು

ನಮ್ಮ ಹೇರೋಹಳ್ಳಿಯಿಂದ ಮಾಗಡಿಯ ದಾರಿ ಹಿಡಿದು ಪಶ್ಚಿಮಾಭಿಮುಖವಾಗಿ ಹೋದರೆ, 1,226 ಮೀಟರು ಎತ್ತರದ ಸಾವನದುರ್ಗವು ಸಿಗುವುದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿದ ಸಂಗತಿಯನ್ನು ಚರಿತ್ರೆಯು ಬರೆದಿಟ್ಟಿದೆ. ಈಚಿನ ದಶಕಗಳಲ್ಲಿ ಹಗ್ಗ ಹಿಡಿದು ಅದರ ಬಂಡೆಯನ್ನೇರಿದ ಬೆಂಗಳೂರಿನ ತರುಣರ ಹೆಸರುಗಳನ್ನಾದರೋ ಬಲ್ಲವರು ವಿರಳ.

ಆ ಬಂಡೆಯು ಬಲು ನುಣುಪು. ಹಗ್ಗಕ್ಕೆ ಆಸರೆಯಾಗುವ ಬಿರುಕುಗಳು ಕಡಮೆ. ಆದುದರಿಂದ ಮೊದಲು ಏರುವವನು ಪಾದಗಳ ಹಿಡಿತವನ್ನೇ ನಂಬಿ ನಿಂತು, ಕಲ್ಲನ್ನು ಕೊರೆದು, ಉಕ್ಕಿನ ಬೋಲ್ಟನ್ನು ನಾಟಬೇಕು. ಇದಕ್ಕೆ ಕೂಲಿಯಿಲ್ಲ. ಮುಂದೆಂದೋ ಬರುವ ಅಪರಿಚಿತನು ಅದೇ ಬೋಲ್ಟಿಗೆ ತನ್ನ ಪ್ರಾಣವನ್ನು ಒಪ್ಪಿಸುವನು. ತುಕ್ಕು ಹಿಡಿದುದನ್ನು ಕಿತ್ತು ಬೇರೊಂದನ್ನು ನಾಟುವ ಹೊಣೆಯೂ ಇಂಥವರದೇ.

ನಮ್ಮಲ್ಲಿ ಹಿಮವಿಲ್ಲ, ಹಿಮವಿರುವ ನಾಡಿನಲ್ಲಿಯೂ ಇದೇ ಧರ್ಮವನ್ನು ಕಾಣಬಹುದು. ನ್ಯೂಜಿಲೆಂಡಿನ ಕ್ರೇಗಿಬರ್ನ್ ಕಣಿವೆಯಲ್ಲಿ 1947ರಲ್ಲಿ ಹಿಮಜಾರಾಟದ ಸಂಘವೊಂದು ಹುಟ್ಟಿತು. ಅದರ ಸದಸ್ಯರು ಸ್ವಂತ ಶ್ರಮದಿಂದ ಬಿಡಾರಗಳನ್ನು ಕಟ್ಟಿ, ಜಾರುವವರನ್ನು ಮೇಲಕ್ಕೆಳೆಯುವ ಹಗ್ಗದ ಯಂತ್ರವನ್ನು ಹೂಡಿದರು. ಹಿಮವಿಲ್ಲದ ತಿಂಗಳುಗಳಲ್ಲಿ ಇಂದಿಗೂ ಕೂಡಿ ದುರಸ್ತಿಗೆ ನಿಲ್ಲುವರು.

‘ನಿಷ್ಕಾಮಕರ್ಮ’ವೆಂಬ ಪದವನ್ನು ನಾನು ವಿಗ್ರಹವಾಕ್ಯಸಹಿತ ಬಿಡಿಸಿ ಹೇಳಿದಾಗ, ಹುಡುಗರು ಉದಾಹರಣೆ ಕೇಳುತ್ತಿದ್ದರು, ಪುರಾಣಗಳಿಂದ ಕೊಡುತ್ತಿದ್ದೆನು. ಇಂದು ಕೇಳಿದರೆ ಸಾವನದುರ್ಗದತ್ತ ಕೈದೋರುವೆನು.

“ಬಂಡೆ ಹತ್ತಿದರೆ ಹೊಟ್ಟೆ ತುಂಬೀತೆ?” ಎಂದು ಮಕ್ಕಳನ್ನು ಗದರುವ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಅಪಾಯದ ಅಂಜಿಕೆ ನ್ಯಾಯವೇ. ನುರಿತವರ ಜೊತೆಯಿಲ್ಲದೆ ಕಳುಹಿಸದಿರಿ. ಆದರೆ ಕಾಣದವನ ಪ್ರಾಣಕ್ಕೆ ಹೊಣೆಯಾಗುವ ವಿದ್ಯೆಯನ್ನು ವ್ಯರ್ಥವೆನ್ನದಿರಿ. ನಾವು ಪಾಠಶಾಲೆಗಳಲ್ಲಿ ಬಾಯಿಪಾಠ ಮಾಡಿಸಿದುದು ಅದನ್ನೇ.