ಒತ್ತಿದರೂ ಓಗೊಡದ ಗುಂಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಸ್ಮಾರ್ಟ್‌ವಾಚಿನ ಬದಿಯ ಗುಂಡಿ ಮೊಂಡುಬಿದ್ದಿತು. ವಾಚು ಸಮಯ ತೋರಿಸುತ್ತಿತ್ತು, ಹೆಜ್ಜೆ ಎಣಿಸುತ್ತಿತ್ತು. ಗುಂಡಿ ಮಾತ್ರ ಒಮ್ಮೆ ಓಗೊಟ್ಟರೆ ನಾಲ್ಕು ಸಲ ಸುಮ್ಮನಿರುವುದು. ಇಷ್ಟು ಸಣ್ಣ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯಬೇಕೆ ಎಂದು ಬಂಧುಗಳು ಕೇಳಬಹುದು. ಆ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಬೆಂಗಳೂರಿನಲ್ಲಿರುವ ಮಗನಿಗೆ ಕರೆ ಹೋಗುವಂತೆ ಏರ್ಪಾಡಾಗಿದೆ. ಮರಿಯಮ್ಮನಹಳ್ಳಿಯ ಮನೆಯಲ್ಲಿ ನಾವು ವೃದ್ಧ ದಂಪತಿಗಳಿಬ್ಬರೇ. ಬಚ್ಚಲಲ್ಲಿ ಕಾಲು ಜಾರಿದರೆ ಕೂಗು ಕೇಳುವವರಿಲ್ಲ. ಮಕ್ಕಳು ಪರಸ್ಥಳದಲ್ಲಿರುವ ಎಷ್ಟೋ ಮನೆಗಳ ಸ್ಥಿತಿ ಇದೇ ಅಲ್ಲವೆ?

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಹಿರಿಯ ಶಾಸ್ತ್ರಿಗಳ ಕೈಯಲ್ಲಿ ಎಚ್.ಎಂ.ಟಿ. ಗಡಿಯಾರವಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಗಡಿಯಾರಗಳವು. ಬೆಳಿಗ್ಗೆ ಕೀಲಿ ಕೊಟ್ಟರೆ ಆ ದಿನದ ಚಿಂತೆ ಮುಗಿಯಿತು. ತಿರುಪಿಗೂ ಒಳಗಿನ ಹಲ್ಲುಚಕ್ರಕ್ಕೂ ನೇರ ಸಂಬಂಧವಿದ್ದುದರಿಂದ ಕೆಟ್ಟದ್ದು ಬೆರಳಿಗೇ ತಿಳಿಯುತ್ತಿತ್ತು. ಇಂದಿನ ಗುಂಡಿ ಒಳಗಿನ ಪುಟ್ಟ ಸ್ವಿಚ್ಚನ್ನು ಅದುಮುತ್ತದೆ, ಅಷ್ಟೆ. ಮುಂದೇನಾಗಬೇಕೆಂದು ತೀರ್ಮಾನಿಸುವುದು ತಂತ್ರಾಂಶ. ಹೀಗಾಗಿ ದೋಷವು ವಾಚಿನ ದೇಹದಲ್ಲಿದೆಯೋ ಬುದ್ಧಿಯಲ್ಲಿದೆಯೋ ಎಂಬುದನ್ನು ಮೊದಲು ವಿಚಾರಿಸಬೇಕು.

ಮಗನು ದೂರವಾಣಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಅದು: "ಅಪ್ಪಾಜಿ, ಒತ್ತಿದಾಗ ಟಿಕ್ ಅಂತ ಬೆರಳಿಗೆ ಗೊತ್ತಾಗ್ತದೇನು ನೋಡ್ರಿ." ಟಿಕ್ ಎಂದೂ ಕೆಲಸವಾಗದಿದ್ದರೆ ತಂತ್ರಾಂಶವನ್ನು ಶಂಕಿಸಬೇಕು, ವಾಚನ್ನು ಆರಿಸಿ ಮತ್ತೆ ಹಚ್ಚಿದರೆ ಅನೇಕ ವೇಳೆ ಸರಿಹೋಗುವುದು. ಗುಂಡಿಯೇ ಕೆಟ್ಟಾಗ ಆರಿಸುವುದು ಹೇಗೆಂದು ಕಳವಳ ಬೇಡ, ಹಲವು ವಾಚುಗಳಲ್ಲಿ ಪರದೆಯ ಸೆಟ್ಟಿಂಗ್ಸ್‌ನಲ್ಲಿಯೂ ಆ ದಾರಿಯುಂಟು. ನಮ್ಮದರಲ್ಲಿ ಟಿಕ್ ಎಂಬುದೇ ಇರಲಿಲ್ಲ. ಒತ್ತಿದ ಗುಂಡಿ ಮೇಲೇಳಲು ತಡೆಯುತ್ತಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಸಂಡೂರಿನ ಅದಿರು ಸಾಗುವ ಈ ಸೀಮೆಯಲ್ಲಿ ಕೆಂಧೂಳು ಬಾಗಿಲ ಸಂದಿಯನ್ನೂ ಬಿಡದು. ಅದರ ಮೇಲೆ ಪ್ರತಿನಿತ್ಯ ಮಣಿಕಟ್ಟಿಗೆ ಧರಿಸುವ ವಿಭೂತಿ. ಒದ್ದೆಯಾಗಿ ಹಚ್ಚಿದ ಭಸ್ಮ ಒಣಗಿ, ಬೆವರಿನೊಡನೆ ಸೇರಿ, ಗುಂಡಿಯ ಸುತ್ತ ಗಾರೆಯಂತೆ ಕೂತಿತ್ತು.

ಪೇಟೆಯ ರಿಪೇರಿಯವರು ಸೂಜಿ ಕೈಗೆತ್ತಿಕೊಂಡರು, ನಾವು ಬೇಡವೆಂದೆವು. ನೀರು ತಡೆಯುವ ಒಳಗಿನ ರಬ್ಬರಿಗೆ ಸೂಜಿ ತಾಗಿದರೆ ವಾಚಿನ ಆಯುಷ್ಯವೇ ಮುಗಿಯಬಹುದು. ಹೊಲಿಗೆ ಯಂತ್ರದ ಎಣ್ಣೆ ಬಿಡುವುದೂ ಸಲ್ಲದು, ಅದು ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ನಮ್ಮ ವಾಚು ನೀರು ತಾಳುವಂಥದೆಂದು ಅದರ ಪುಸ್ತಿಕೆಯಲ್ಲಿ ಓದಿ ಖಚಿತಪಡಿಸಿಕೊಂಡು, ಆರಿಸಿ, ಪಟ್ಟಿ ಕಳಚಿ, ಉಗುರುಬೆಚ್ಚಗಿನ ಸಿಹಿನೀರಿನ ಸಣ್ಣ ಧಾರೆಯಡಿ 10-15 ಸೆಕೆಂಡು ಹಿಡಿದು ಗುಂಡಿಯನ್ನು ಮೆಲ್ಲಗೆ ಒತ್ತುತ್ತಾ ಬಿಡುತ್ತಾ ಇದ್ದೆವು. ನೀರು ತಾಳದ ವಾಚಾದರೆ ಇದು ಕೂಡದು. ಒಣ ಮೆತ್ತನೆಯ ಬ್ರಷ್ಷೇ ಸಾಕು. ಒರೆಸಿದ ಬಿಳಿ ಬಟ್ಟೆಗೆ ಬೂದುಗೆಂಪು ಕೆಸರು ಹತ್ತಿತು. ಮೂರನೆಯ ಸಲ ತೊಳೆದಾಗ ಟಿಕ್ ಎಂದಿತು. ಇಷ್ಟಾದರೂ ಏಳದಿದ್ದರೆ ಸ್ವಿಚ್ಚೇ ಸವೆದಿರಬಹುದು. ಆಗ ತಯಾರಕರ ಸೇವಾಕೇಂದ್ರವೇ ಗತಿ.

ಬಚ್ಚಲಿಗೆ ಹೋಗುವಾಗಲೇ ಈ ವಾಚು ಹೆಚ್ಚು ಬೇಕು, ಸಾಬೂನಿನ ನೀರೋ ಅದಕ್ಕೆ ಒಗ್ಗದು! ಕಳಚಿಡುವಂತಿಲ್ಲವಾದ್ದರಿಂದ ಸ್ನಾನವಾದೊಡನೆ ಬರಿ ನೀರಿನಲ್ಲಿ ತೊಳೆದು ಒರೆಸುತ್ತೇವೆ. ಪೂಜೆಯ ಹೊತ್ತಿನಲ್ಲಿ ಮಾತ್ರ ತೆಗೆದು, ಭಸ್ಮ ಒಣಗಿದ ಮೇಲೆ ಧರಿಸುತ್ತೇವೆ. ಗುಂಡಿ ನಂಬಿಕೆಗೆ ಅರ್ಹವೋ ಎಂದು ಪ್ರತಿ ಸೋಮವಾರ ಬೆಳಿಗ್ಗೆ ಒಮ್ಮೆ ಒತ್ತಿ ಹಿಡಿದು ನೋಡುವುದೂ ಉಂಟು. ಪರೀಕ್ಷೆ ಅರೆಕ್ಷಣದಲ್ಲಿ ಮುಗಿಯುತ್ತದೆ. ಆದರೆ ಮೊಮ್ಮಗಳು ಫೋನನ್ನು ಕಸಿದುಕೊಂಡು ಶಾಲೆಯ ಸುದ್ದಿಯೆಲ್ಲವನ್ನೂ ಹೇಳದೆ ಬಿಡುವುದಿಲ್ಲ.