ಮರದ ಮೇಲಿರುವವನ ಫೋನ್ ಎಲ್ಲಿರ್ತದೆ?

ಹ್ಯಾಕಥಾನ್ ಅಂದರೆ ಎಂತದ್ದು ಅಂತ ಊರಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಸುಲಭದ ಉತ್ತರ ಇಟ್ಟುಕೊಂಡಿದ್ದೇನೆ. ಇಡೀ ರಾತ್ರಿಯ ಯಕ್ಷಗಾನದ ಹಾಗೆ, ಆದರೆ ಪ್ರಸಂಗ ಯಾವುದೆಂದು ಗೊತ್ತಾಗುವುದು ವೇಷ ಹಾಕಿದ ಮೇಲೆ. ಶನಿವಾರ ಬೆಳಿಗ್ಗೆ ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ, ಒಂದು ಸಮಸ್ಯೆ ಆರಿಸಿಕೊಳ್ಳುತ್ತಾರೆ, ನಿದ್ದೆಗೆಟ್ಟು ಏನಾದರೊಂದು ಕಟ್ಟುತ್ತಾರೆ, ಭಾನುವಾರ ಸಂಜೆ ತೀರ್ಪುಗಾರರ ಎದುರು ಅದನ್ನು ಕುಣಿಸಿ ತೋರಿಸುತ್ತಾರೆ. ಪಿಜ್ಜಾ ಮತ್ತು ಟೀ ಶರ್ಟ್ ಫ್ರೀ.

ಈ ಪದ ಬಳಕೆಗೆ ಬಂದದ್ದು 1999ರಲ್ಲಿ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದ ಹತ್ತು ಜನ ಆ ವರ್ಷ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಒಟ್ಟು ಸೇರಿ ಕೋಡ್ ಬರೆದರು. ಅದು ಸ್ಪರ್ಧೆ ಅಲ್ಲ, ಅವರ ಕೆಲಸವೇ. ಸ್ಪರ್ಧೆಯ ರೂಪ ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ 2017ರಿಂದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಯುತ್ತಿದೆ. ಆರು ಜನರ ತಂಡ, ಅದರಲ್ಲಿ ಕಡಿಮೆಯೆಂದರೂ ಒಬ್ಬಳು ಹುಡುಗಿ ಇರಲೇಬೇಕು, ಸಾಫ್ಟ್‌ವೇರ್ ವಿಭಾಗದ ಫೈನಲ್‌ಗೆ 36 ಗಂಟೆ. ಈಗ ಪುತ್ತೂರು, ಸುಳ್ಯದ ಎಂಜಿನಿಯರಿಂಗ್ ಮಕ್ಕಳಿಗೂ ಇದೆಲ್ಲ ಹೊಸತಲ್ಲ. ನಾನು ಬಿಇ ಮುಗಿಸಿದ್ದು ಅದಕ್ಕಿಂತ ಮುಂಚೆ. ಹಾಗಾಗಿ ನಾನು ಹೋದ ಹ್ಯಾಕಥಾನ್‌ಗಳೆಲ್ಲ ಬೆಂಗಳೂರಿನವು, ಕೆಲಸಕ್ಕೆ ಸೇರಿದ ಮೇಲಿನವು.

ಮೂರು ವರ್ಷದ ಹಿಂದೆ ಜುಲೈಯಲ್ಲಿ ಹೋದ ಒಂದರ ಬಗ್ಗೆ ಹೇಳುತ್ತೇನೆ. ವಿಷಯ ಕೃಷಿ. ನಾವು ಮೂವರು ಸಾಫ್ಟ್‌ವೇರಿನವರು. ನಾಲ್ಕನೆಯವಳಾಗಿ ಡಿಸೈನ್ ಓದುತ್ತಿದ್ದ ಹುಬ್ಬಳ್ಳಿಯ ಒಬ್ಬ ಹುಡುಗಿಯನ್ನು ಆಯೋಜಕರು ನಮ್ಮ ಮೇಜಿಗೆ ಹಾಕಿದ್ದರು. ಅವಳಿಗೆ ಅದು ಐದನೆಯ ಹ್ಯಾಕಥಾನ್. ಹಿಂದಿನ ನಾಲ್ಕರಲ್ಲೂ ಸಿಕ್ಕಿದ ಕೆಲಸ ಒಂದೇ ಅಂತ ನಗಾಡಿಕೊಂಡು ಹೇಳಿದಳು. ಎಲ್ಲ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, "ಇದನ್ನ ಸ್ವಲ್ಪ ಚಂದ ಮಾಡಿ ಕೊಡು." ಬಣ್ಣ ಆರಿಸುವುದು, ಬಟನ್‌ನ ಮೂಲೆ ದುಂಡಗೆ ಮಾಡುವುದು, ಲೋಗೋ ಬಿಡಿಸುವುದು. ಮನೆ ಕಟ್ಟಿಯಾದ ಮೇಲೆ ಸುಣ್ಣ ಬಳಿಯಲು ಕರೆದ ಹಾಗೆ.

ನಾನು ಕಾಣಿಯೂರು ಕಡೆಯವ. ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ತಾಲೂಕು ಬದಲಾದರೂ ತೋಟ ಅಲ್ಲೇ ಉಂಟು. ಅಡಿಕೆ ತೋಟದವನೆಂದು ಗೊತ್ತಾದ ಕೂಡಲೇ ತಂಡಕ್ಕೆ ಸಮಸ್ಯೆ ಸಿಕ್ಕಿತು. ಕೊಳೆರೋಗ. ನಮ್ಮ ಕಡೆ ಗೊತ್ತಿಲ್ಲದವರಿಲ್ಲ, ಬೇರೆಯವರಿಗಾಗಿ ಹೇಳುವುದಾದರೆ ಇಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40-45 ದಿನ ಬಿಟ್ಟು ಇನ್ನೊಮ್ಮೆ ಗೊನೆಗಳಿಗೆ ಬಿಡಬೇಕು. ಗೊನೆ ಇರುವುದು ಐವತ್ತು ಅಡಿ ಮೇಲೆ. ಮರ ಜಾರುತ್ತದೆ. ಹತ್ತುವವರು ಸಿಗುವುದಿಲ್ಲ. ಒಂದು ಮಳೆಗಾಲ ಮದ್ದು ತಪ್ಪಿದರೆ ವರ್ಷದ ಅನ್ನವೇ ಮರದ ಬುಡದಲ್ಲಿ ಬಿದ್ದಿರುತ್ತದೆ.

ನಮ್ಮ ತಂಡದ ಒಬ್ಬ ಹತ್ತು ನಿಮಿಷದಲ್ಲಿ ಪರಿಹಾರ ಹೇಳಿದ. ಮರ ಹತ್ತುವವರಿಗೆ ಊಬರ್! ತೋಟದವರು ಆ್ಯಪ್‌ನಲ್ಲಿ ಕರೆಯಬೇಕು, ಹತ್ತಿರ ಇರುವ ಕೆಲಸದವನ ಫೋನ್ ಬಡಿದುಕೊಳ್ಳಬೇಕು, ಅವನು ಒಪ್ಪಿಗೆ ಒತ್ತಬೇಕು. ಕೇಳಲು ಚಂದವೇ ಇತ್ತು.

ಹುಬ್ಬಳ್ಳಿಯವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು, "ಅಲ್ರೀ, ಮರದ ಮ್ಯಾಲಿದ್ದಾಗ ಅವನ ಫೋನ್ ಎಲ್ಲಿರತೈತಿ?"

ಎಲ್ಲರೂ ನನ್ನ ಮುಖ ನೋಡಿದರು. "ನೀವು ಹತ್ತೀರೇನ್ರಿ?" ಅಂತ ಮತ್ತೊಂದು ಪ್ರಶ್ನೆ. ಇಲ್ಲ ಎಂದೆ. ನಮ್ಮ ಮನೆಯಲ್ಲಿ ಮಕ್ಕಳು ಮರದ ಬುಡಕ್ಕೆ ಹೋದರೂ ಅಜ್ಜಿ ಬೊಬ್ಬೆ ಹೊಡೆಯುತ್ತಿದ್ದರು. ನಮಗೆ ಹೇಳಿಕೊಟ್ಟದ್ದು ಓದಲಿಕ್ಕೆ. "ಹಂಗಾದ್ರ ಹತ್ತುವವರಿಗೇ ಫೋನ್ ಮಾಡೋಣ್ರಿ," ಎಂದಳು.

ನಮ್ಮ ತೋಟಕ್ಕೆ ಬರುವವನಿಗೆ ಸಂಜೆ ಫೋನ್ ಹಚ್ಚಿದೆ. ಅಲ್ಲಿ ಮಳೆ, ಹಾಗಾಗಿ ಮನೆಯಲ್ಲೇ ಇದ್ದ. ಸ್ಪೀಕರ್ ಹಾಕಿ ಅವಳು ಕೇಳಿದ್ದನ್ನು ತುಳುವಿಗೆ, ಅವನು ಹೇಳಿದ್ದನ್ನು ಕನ್ನಡಕ್ಕೆ ಮಾಡುತ್ತಾ ಹೋದೆ. ಫೋನ್ ಬುತ್ತಿಯ ಜೊತೆ ಚೀಲದಲ್ಲಿ, ಚೀಲ ಪಂಪಿನ ಹತ್ತಿರ. ಒಮ್ಮೆ ಮೇಲೆ ಹೋದರೆ ಮರದಿಂದ ಮರಕ್ಕೆ ಬಗ್ಗಿ ದಾಟುತ್ತಾನೆ, ಸುಮಾರು ಹೊತ್ತು ಕೆಳಗೆ ಇಳಿಯುವುದಿಲ್ಲ. ಕೆಲಸ ಹುಡುಕುವ ಕಷ್ಟ ಅವನಿಗಿಲ್ಲ, ಕರೆಯುವವರೇ ಜಾಸ್ತಿ. ಮಳೆ ಬಿಟ್ಟ ದಿನ ಮೂವತ್ತು ಮನೆಯಿಂದ ಫೋನ್, ಮಳೆ ಇದ್ದ ದಿನ ಒಂದೂ ಇಲ್ಲ. ಕೊನೆಗೆ ಅವನು ಕೇಳಿದ ಪ್ರಶ್ನೆ ಇದು:

"ನಂಗೆ ಐವತ್ತೆರಡು ಆಯ್ತು. ಮಗನಿಗೆ ನಾನು ಹತ್ತಲು ಕಲಿಸ್ಲಿಲ್ಲ, ಕಲಿಸುವುದೂ ಇಲ್ಲ. ಇನ್ನು ಐದು ವರ್ಷ ಕಳೆದ ಮೇಲೆ ನಿಮ್ಮ ಆ್ಯಪಲ್ಲಿ ಯಾರನ್ನು ತೋರಿಸ್ತೀರಿ?"

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ನನ್ನ ಅಪ್ಪ ನನಗೆ ಮಾಡಿದ್ದನ್ನೇ ಅವನು ಅವನ ಮಗನಿಗೆ ಮಾಡಿದ್ದಾನೆ. ಇದನ್ನು ಕಾರ್ಮಿಕರ ಕೊರತೆ ಅಂತ ಪೇಪರಿನವರು ಬರೆಯುತ್ತಾರೆ. ಒಂದು ಮನೆಯೊಳಗಿಂದ ನೋಡಿದರೆ ಅದು ಮಗ ಬೀಳದೆ ಬದುಕಲಿ ಎಂಬ ಆಸೆ ಅಷ್ಟೆ.

ಆ ಫೋನ್ ಆದ ಮೇಲೆ ಊಬರ್ ಹೋಯಿತು. ಒಂದು ಬೈಲಿನ ಮನೆಗಳೆಲ್ಲ ಹೆಸರು ಕೊಡುವ ಒಂದು ಪಟ್ಟಿ ಮಾಡಿದೆವು. ಯಾರ ತೋಟ ಮೊದಲು ಎಂದು ತೀರ್ಮಾನಿಸುವುದು ಹತ್ತುವವನು. ಅವನು ರಾತ್ರಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮರುದಿನದ ಸರದಿ ಎಲ್ಲರಿಗೂ ಮೆಸೇಜ್ ಹೋಗುತ್ತದೆ. ಮಳೆ ಬಂದರೆ ಪಟ್ಟಿ ಹಾಗೇ ಒಂದು ದಿನ ಮುಂದೆ ಜಾರುತ್ತದೆ. ಬಹುಮಾನ ಬರಲಿಲ್ಲ, ಟೀ ಶರ್ಟ್ ಬಂತು. ಆ ಕೋಡ್ ಎಲ್ಲೋ ಬಿದ್ದಿದೆ. ಆದರೆ ಪಟ್ಟಿ ಮಾತ್ರ ನಮ್ಮ ಬೈಲಿನ ಹನ್ನೊಂದು ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗಲೂ ನಡೆಯುತ್ತಿದೆ, ಆ್ಯಪೂ ಬೇಡ ಎಂತದೂ ಬೇಡ.

ಹೀಗೆಂದು ಎರಡು ದಿನದ ಆವಿಷ್ಕಾರವೆಲ್ಲ ಬರೀ ಗೌಜಿ ಅಂತ ಹೇಳುವವನು ನಾನಲ್ಲ. ಫೇಸ್‌ಬುಕ್‌ನ ಲೈಕ್ ಬಟನ್ ಹುಟ್ಟಿದ್ದು 2007ರಲ್ಲಿ ಅವರದೇ ಒಂದು ಹ್ಯಾಕಥಾನ್‌ನಲ್ಲಿ. ಆದರೆ ಅದು ನಮ್ಮ ಕಣ್ಣಿಗೆ ಬಿದ್ದದ್ದು 2009ರಲ್ಲಿ. ಒಂದು ಹೆಬ್ಬೆರಳಿಗೇ ಅಷ್ಟು ಸಮಯ ಬೇಕಾದರೆ ಐವತ್ತು ಅಡಿ ಮರಕ್ಕೆ ಎಷ್ಟು ಬೇಡ?

ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಲೆಕ್ಕ ಉಂಟು. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದು ನಿಮಗೆ ಗೊತ್ತಿರಬಹುದು. 2019ರಲ್ಲಿ ಅವರ ಮಗಳು ಅದರಲ್ಲಿ ಕೂತು ಸರ್ರನೆ ಮರ ಹತ್ತುವ ವಿಡಿಯೋ ದೇಶವೆಲ್ಲ ಸುತ್ತಿತು. ನೋಡಿದವರಿಗೆ ಅದು ಅರ್ಧ ನಿಮಿಷದ ಸಂಗತಿ. ಅವರು ಆ ಕೆಲಸ ಶುರು ಮಾಡಿದ್ದು 2014ರಲ್ಲಿ, ಖರ್ಚಾದದ್ದು ಸುಮಾರು 40 ಲಕ್ಷ ರೂಪಾಯಿ. ಸೋಮವಾರ ಬಂತು ಎಂದು ಅವರು ಆಫೀಸಿಗೆ ಹೋಗುವ ಹಾಗಿರಲಿಲ್ಲ. ಸೋಮವಾರವೂ ತೋಟ ಅಲ್ಲೇ, ಮರ ಅಲ್ಲೇ.

ಪುತ್ತೂರಿನಲ್ಲಿ ಕ್ಯಾಂಪ್ಕೊದವರು 2009ರಿಂದ ಕೆಲವು ವರ್ಷಗಳಿಗೊಮ್ಮೆ ಯಂತ್ರ ಮೇಳ ಮಾಡುತ್ತಾರೆ. 2023ರ ಫೆಬ್ರವರಿಯಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನ ಗುಡ್ಡೆಯಲ್ಲಿ ನಡೆದಿತ್ತು. ಅಂಥಲ್ಲಿ ಸುತ್ತಾಡುವಾಗ ತೀರ್ಪುಗಾರರೆಂದರೆ ಯಾರು ಎಂದು ಗೊತ್ತಾಗುತ್ತದೆ. ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲಿ ಕವಳ ತುಂಬಿಕೊಂಡು ನಿಂತ ಅಜ್ಜನವರು. ಸ್ಲೈಡು ಗೀಡು ಅವರಿಗೆ ಬೇಡ. "ಹಾಳಾದ್ರೆ ಬಿಚ್ಚುವುದು ಯಾರು? ಪಾರ್ಟ್ಸು ಸುಳ್ಯದಲ್ಲಿ ಸಿಗ್ತದಾ? ಒದ್ದೆ ಮರಕ್ಕೆ ಆಗ್ತದಾ?" ಮೂರೇ ಪ್ರಶ್ನೆ. ಅದರಲ್ಲಿ ಪಾಸಾದದ್ದು ಮಾತ್ರ ಅಂಗಳಕ್ಕೆ ಬರುತ್ತದೆ.

ಹಾಗೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ಕೊಡೆಯ ಹಿಡಿಯ ಹಾಗೆ ಒಂದರೊಳಗಿಂದ ಒಂದು ಎಳೆಯಬಹುದಾದ ಹಗುರ ಕೋಲು. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ಕೊಯ್ಯಬಹುದು. ನಮ್ಮ ಮನೆಗೂ ಒಂದು ಬಂತು. ಅಪ್ಪನಿಗೆ ಅರುವತ್ತೆಂಟು. ತೋಟ ಮಾರಿ ಬೆಂಗಳೂರಿಗೆ ಬನ್ನಿ ಎಂಬ ನನ್ನ ಮಾತು, ನೋಡುವ ಎಂಬ ಅವರ ಉತ್ತರ, ಎರಡೂ ದೋಟಿ ಬಂದ ವರ್ಷಕ್ಕೆ ನಿಂತವು.

ಆ ಹುಡುಗಿ ಆ ಹ್ಯಾಕಥಾನಿನ ಮರುವರ್ಷ ನವೆಂಬರ್‌ನಲ್ಲಿ ನಮ್ಮ ಮನೆಗೆ ಬಂದಿದ್ದಳು, ಕೊಯ್ಲು ನೋಡಲು. ಎರಡು ದಿನ ಪುಸ್ತಕ ಹಿಡಿದುಕೊಂಡು ಅಪ್ಪನ ಹಿಂದೆಯೇ ಇದ್ದಳು. ಹೋಗುವಾಗ ಹೇಳಿದ್ದು ಒಂದೇ ಸಂಗತಿ. ಎಲ್ಲರೂ ದೋಟಿಯ ತೂಕ ನೋಡುತ್ತಾರೆ, ಕುತ್ತಿಗೆಯನ್ನು ಯಾರೂ ನೋಡುವುದಿಲ್ಲ. ಅಪ್ಪ ಹತ್ತು ನಿಮಿಷಕ್ಕೊಮ್ಮೆ ಕೋಲು ಇಳಿಸಿ ಕುತ್ತಿಗೆ ಒತ್ತಿಕೊಳ್ಳುತ್ತಾರೆ. ಮೂವತ್ತು ವರ್ಷ ಜೊತೆಯಲ್ಲಿದ್ದ ಅಮ್ಮನೂ ಅದನ್ನು ಲೆಕ್ಕ ಮಾಡಿರಲಿಲ್ಲ. ಓದಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ತೆಗೆದುಕೊಂಡದ್ದು ಆ ಕುತ್ತಿಗೆಯನ್ನೇ. ಉತ್ತರ ಇನ್ನೂ ಸಿಕ್ಕಿಲ್ಲ. ಮೊನ್ನೆ ಕಳಿಸಿದ್ದು ಏಳನೆಯ ಮಾದರಿ. ಅಪ್ಪ ಹಾಕಿ ನೋಡಿ, "ಬೆವರಿದ್ರೆ ತುರಿಸ್ತದೆ" ಎಂದು ವಾಪಸ್ ಕಳಿಸಿದ್ದಾರೆ.

ಹ್ಯಾಕಥಾನಿಗೆ ಹೊರಟ ನಮ್ಮ ಕಡೆಯ ಮಕ್ಕಳು ಆಗಾಗ ಫೋನ್ ಮಾಡಿ, ಎಂತ ಕಲಿತುಕೊಂಡು ಹೋಗಬೇಕು ಅಣ್ಣ ಅಂತ ಕೇಳುತ್ತಾರೆ. ಕೋಡಿಂಗ್ ನಿಮಗೆ ನನಗಿಂತ ಚೆನ್ನಾಗಿ ಬರ್ತದೆ ಮಾರಾಯ್ರೆ. ಹೋಗಿ, ಖಂಡಿತ ಹೋಗಿ. ಗುರುತಿಲ್ಲದ ನಾಲ್ಕು ಜನರೊಟ್ಟಿಗೆ ಎರಡು ದಿನ ಕೂತು ಕೆಲಸ ಮಾಡುವುದು ಬೇರೆಲ್ಲೂ ಕಲಿಯಲು ಸಿಗುವುದಿಲ್ಲ. ತಂಡದಲ್ಲಿ ಡಿಸೈನ್ ಓದುವವರಿದ್ದರೆ ಶನಿವಾರ ಬೆಳಿಗ್ಗೆಯೇ ಮಾತಾಡಲು ಬಿಡಿ. ಮತ್ತೆ ಯಾರ ಕಷ್ಟಕ್ಕೆ ಪರಿಹಾರ ಕಟ್ಟುತ್ತೀರೋ ಅವರ ನಂಬರ್ ಒಂದು ಜೇಬಿನಲ್ಲಿರಲಿ. ಮಳೆ ಬರುವ ಹೊತ್ತಿಗೆ ಮಾಡಿ, ಎತ್ತುತ್ತಾರೆ.